ಗಿಣ್ಣು ಮೊದಲು ಕರುವಿಗೆ: ಎಳೆಗರುವಿನ ಆರೈಕೆ ಹೇಗೆ?

ಹಸು ಕರು ಹಾಕಿದ ಮನೆಯಲ್ಲಿ ಗಿಣ್ಣಿನ ಪಾತ್ರೆ ಒಲೆಯೇರುವುದೂ, ನೆರೆಮನೆಗಳಿಗೆ ಒಂದೊಂದು ಲೋಟ ಹಾಲು ಹೋಗುವುದೂ ನಮ್ಮಲ್ಲಿ ರೂಢಿ. ಆದರೆ ಆ ಹಾಲಿನ ಮೇಲೆ ಮೊದಲ ಹಕ್ಕು ಕರುವಿನದು. ಮನುಷ್ಯರ ಶಿಶುವಿಗೆ ತಾಯಿಯ ರೋಗನಿರೋಧಕ ಅಂಶಗಳು ಗರ್ಭದಲ್ಲಿರುವಾಗಲೇ ಮಾಸಿನ ಮೂಲಕ ತಲುಪುತ್ತವೆ. ಹಸು, ಎಮ್ಮೆಗಳಲ್ಲಿ ಹಾಗಾಗದ ಕಾರಣ ಕರು ಅವನ್ನು ಗಿಣ್ಣು ಹಾಲಿನಿಂದಲೇ ಪಡೆಯಬೇಕು. ಅವನ್ನು ಇಡಿಯಾಗಿ ಹೀರಿಕೊಳ್ಳುವ ಕರುಳಿನ ಶಕ್ತಿಯೂ ಗಂಟೆಗಂಟೆಗೆ ಕುಗ್ಗುತ್ತಾ, ಸುಮಾರು 24 ಗಂಟೆಗಳಲ್ಲಿ ನಿಂತುಹೋಗುತ್ತದೆ.

ಕರು ಹುಟ್ಟಿದ ಕೂಡಲೇ ಮೂಗು, ಬಾಯಿಯ ಲೋಳೆಯನ್ನು ತೆಗೆದು, ತಾಯಿಗೆ ನೆಕ್ಕಲು ಬಿಡಬೇಕು. ತಾಯಿ ನೆಕ್ಕದಿದ್ದರೆ ಒಣ ಗೋಣಿಚೀಲದಿಂದ ಮೈಯನ್ನು ಚೆನ್ನಾಗಿ ಉಜ್ಜಬೇಕು. ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಎರಡು ಇಂಚು ಕೆಳಗೆ ದಾರದಿಂದ ಬಿಗಿದು, ಗಂಟಿನ ಕೆಳಗೆ ಹೊಸ ಬ್ಲೇಡಿನಿಂದ ಕತ್ತರಿಸಿ, ಟಿಂಕ್ಚರ್ ಅಯೋಡಿನ್ ಹಚ್ಚಬೇಕು. ಹತ್ತಿಯಿಂದ ಸವರುವುದಕ್ಕಿಂತ, ಸಣ್ಣ ಬಟ್ಟಲಿನಲ್ಲಿ ಔಷಧವನ್ನು ತೆಗೆದುಕೊಂಡು ಬಳ್ಳಿಯ ತುದಿಯನ್ನು ಅದರಲ್ಲಿ ಅದ್ದಿ ಹಿಡಿಯುವುದು ಮೇಲು. ಇಲ್ಲಿ ಕೀವಾದರೆ ಸೋಂಕು ರಕ್ತಕ್ಕೆ ಸೇರಿ ಮಂಡಿಗಳು ಊದಿಕೊಳ್ಳಬಹುದು.

ಮಾಸು ಬೀಳುವ ತನಕ ಹಾಲು ಕರೆಯಬಾರದು, ಕುಡಿಸಬಾರದು ಎಂಬ ನಂಬಿಕೆ ಹಲವು ಊರುಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಕರುವಿಗೆ ಇದರಷ್ಟು ಕೆಡುಕು ಮಾಡುವ ಪದ್ಧತಿ ಮತ್ತೊಂದಿಲ್ಲವೆಂದೇ ನನ್ನ ಅನಿಸಿಕೆ. ಮಾಸು ಬೀಳಲು ಎಂಟು ಹತ್ತು ಗಂಟೆ ಹಿಡಿಯಬಹುದು. ಕರುಳಿನ ಹೀರುವ ಶಕ್ತಿ ಅಷ್ಟರಲ್ಲಿ ಬಹಳಷ್ಟು ಇಳಿದಿರುತ್ತದೆ. ಕರು ಮೊಲೆ ಚೀಪಿದಾಗ ತಾಯಿಯಲ್ಲಿ ಸ್ರವಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಗರ್ಭಕೋಶವನ್ನೂ ಸಂಕುಚಿಸುವುದರಿಂದ, ಹಾಲು ಕುಡಿಸುವುದು ಮಾಸು ಬೀಳಲಿಕ್ಕೂ ಅನುಕೂಲವೇ.

ಪ್ರಮಾಣ ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಭಾಗ. ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು: ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ 660ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 30, ಉದ್ದ 24 ಇಂಚು ಇದ್ದರೆ ತೂಕ ಸುಮಾರು 33 ಕಿಲೋ. ಅಂಥ ಕರುವಿಗೆ ಮೊದಲ ಎರಡು ಗಂಟೆಯೊಳಗೆ ಒಂದೂವರೆ ಲೀಟರಿಗೆ ಕಡಿಮೆಯಿಲ್ಲದಂತೆ, 12 ಗಂಟೆಯೊಳಗೆ ಮತ್ತೆ ಅಷ್ಟೇ ಗಿಣ್ಣು ಹಾಲನ್ನು ಕುಡಿಸಿ, ಮೂರು ದಿನ ಇದನ್ನೇ ಮುಂದುವರಿಸಬೇಕು. ದನಗಳಿಗೆ ಔಷಧ ಕುಡಿಸುವ ಬಿದಿರಿನ ಕೊಳವೆಯಾದ ಗೊಟ್ಟದಿಂದ ಸುರಿದು ಕುಡಿಸುವುದು ಬೇಡ. ಹಾಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಗಿಣ್ಣು ಹಾಲನ್ನು ಕಾಯಿಸಲೂಬಾರದು. ಬಿಸಿಗೆ ಅದು ಗಟ್ಟಿಯಾಗುವುದಕ್ಕೆ ಅದರಲ್ಲಿ ಹೇರಳವಾಗಿರುವ ಪ್ರೋಟೀನುಗಳೇ ಕಾರಣ, ರೋಗನಿರೋಧಕ ಅಂಶಗಳೂ ಅವುಗಳಲ್ಲೇ ಸೇರಿವೆ. ಒಲೆಯ ಮೇಲೆ ನಮಗೆ ರುಚಿಯಾಗುವುದು ಕರುವಿಗೆ ನಷ್ಟವಾಗುತ್ತದೆ. ಮಿಶ್ರತಳಿಯ ಹಸು ಕರುವಿಗೆ ಬೇಕಾದುದಕ್ಕಿಂತ ಹೆಚ್ಚೇ ಕೊಡುವುದರಿಂದ ಮನೆಯವರ ಪಾಲಿಗೂ ಕೊರತೆಯಾಗದು.

ಎರಡನೇ ವಾರದಿಂದ ಎಳೆಗರುಗಳಿಗೆಂದೇ ತಯಾರಾಗುವ ಪಶು ಆಹಾರವನ್ನು ಒಂದು ಹಿಡಿ, ಜೊತೆಗೆ ಎಳೆಯ ಒಣಹುಲ್ಲನ್ನು ಮುಂದಿಡಬೇಕು. ಹುಟ್ಟುವಾಗ ಕರುವಿನ ಮೆಲುಕು ಚೀಲ ಇನ್ನೂ ಬೆಳೆದಿರುವುದಿಲ್ಲ. ಕಾಳಿನ ಆಹಾರ ಅದರೊಳಗೆ ಹುದುಗಿದಾಗ ಉಂಟಾಗುವ ಆಮ್ಲಗಳೇ ಅದನ್ನು ಬೆಳೆಸುತ್ತವೆ. ಹಾಲನ್ನಷ್ಟೇ ಕುಡಿದ ಕರು ನೋಡಲು ದುಂಡಗಿದ್ದರೂ, ಹಾಲು ಬಿಡಿಸಿದೊಡನೆ ಸೊರಗುತ್ತದೆ.

ಮೊದಲ ಜಂತುನಾಶಕವನ್ನು 10ರಿಂದ 15 ದಿನದೊಳಗೆ, ತೂಕಕ್ಕೆ ತಕ್ಕಂತೆ, ಪಶುವೈದ್ಯರು ಹೇಳಿದಷ್ಟು ಕೊಡಬೇಕು. ದುಂಡುಹುಳುವಿನ ಮರಿಗಳು ತಾಯಿಯ ಹಾಲಿನಿಂದಲೇ ಬರುವುದರಿಂದ ಎಮ್ಮೆಗರುಗಳಲ್ಲಿ ಇದನ್ನು ತಪ್ಪಿಸುವಂತಿಲ್ಲ. ಕಾಲುಬಾಯಿ ಜ್ವರದ ಲಸಿಕೆಯನ್ನು ನಾಲ್ಕನೇ ತಿಂಗಳಲ್ಲಿ, ಮತ್ತೊಮ್ಮೆ ಒಂದು ತಿಂಗಳ ಬಳಿಕ ಹಾಕಿಸಬೇಕು. ಗಬ್ಬದ ಹಸುಗಳಲ್ಲಿ ಗರ್ಭಪಾತ ಉಂಟುಮಾಡುವ ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆ ಹೆಣ್ಣುಗರುಗಳಿಗೆ ಮಾತ್ರ. ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ, ಜೀವಮಾನಕ್ಕೆ ಒಂದೇ ಸಲ ಅದನ್ನು ಹಾಕಿಸಬೇಕು.