ಸಂಡೂರಿನ ಮರದ ಪಾಚಿಗೆ ಹೆಸರು ಹುಡುಕಿದ್ದು

ಬಳ್ಳಾರಿ ಜಿಲ್ಲೆಯಲ್ಲಿ ಮರದ ಮೇಲೆ ಪಾಚಿ (ಮಾಸ್) ಎಲ್ಲಿಂದ ಬಂತು ಎನ್ನುವವರಿಗೆ ನಾನು ಸಂಡೂರಿನ ಸ್ವಾಮಿಮಲೆ ಕಾಡು ತೋರಿಸುತ್ತೇನೆ. ಎಲೆ ಉದುರಿಸುವ ಗಟ್ಟಿಮರಗಳ ಕಾಡು ಅದು. ದಿಂಡಿಗದ ಬಿಳಿಚು ತೊಗಟೆ ಚಕ್ಕೆಚಕ್ಕೆಯಾಗಿ ಕಳಚುವುದರಿಂದ ಅದರ ಮೇಲೆ ಪಾಚಿ ಹೆಚ್ಚು ಕಾಲ ನಿಲ್ಲುವುದಿಲ್ಲ. ಮತ್ತಿಯ ತೊಗಟೆ ಆಳವಾಗಿ ಬಿರಿದಿರುತ್ತದೆ, ಹುಡುಕಬೇಕಾದದ್ದು ಆ ಬಿರುಕುಗಳಲ್ಲಿ. ಹರಿಶಂಕರ ತೀರ್ಥದ ಕಡೆಯಂಥ ತಂಪು ಕಣಿವೆಗಳಲ್ಲಿ ಮಳೆಗಾಲ ಕಳೆದ ಮೇಲೂ ಹಸಿರು ಉಳಿದಿರುತ್ತದೆ.

ಅರಣ್ಯ ಇಲಾಖೆಯ ಅನುಮತಿ ಇದ್ದರೂ ನಾನು ಕೀಳುವುದು ಹೆಬ್ಬೆರಳ ಉಗುರಿನಷ್ಟು ಮಾತ್ರ. ಅದನ್ನು ಮಡಿಚಿದ ಕಾಗದದಲ್ಲಿ ಇಡುತ್ತೇನೆ. ಪ್ಲಾಸ್ಟಿಕ್‌ ಚೀಲದಲ್ಲಿ ಬೂಷ್ಟು ಬರುತ್ತದೆ. ಯಾವ ಮರ, ನೆಲದಿಂದ ಎಷ್ಟು ಎತ್ತರ, ಕಾಂಡದ ಯಾವ ದಿಕ್ಕು, ತಾರೀಖು ಏನು ಎಂಬುದನ್ನು ಕಾಗದದ ಮೇಲೆ ಅಲ್ಲೇ ನಿಂತು ಬರೆಯುತ್ತೇನೆ.

ನಮ್ಮ ಕಡೆಯ ಒಣ ಹವೆಯೇ ಈ ಕೆಲಸಕ್ಕೆ ದೊಡ್ಡ ಅನುಕೂಲ. ಮಲೆನಾಡಿನಲ್ಲಿ ತಿಂಗಳುಗಟ್ಟಲೆ ತೊಯ್ದೇ ಇರುವ ಪಾಚಿಯ ಒಣ ರೂಪ ನೋಡಲು ಕಾಯಬೇಕು. ಇಲ್ಲಿ ಮಧ್ಯಾಹ್ನದ ಬಿಸಿಲಿಗೆ ತಾನೇ ಮುದುಡಿಕೊಳ್ಳುತ್ತದೆ. ನನಗೆ ಸಿಕ್ಕ ಪಾಚಿಯ ಎಲೆಗಳು ಒಣಗಿದಾಗ ಒಂದರ ಮೇಲೊಂದು ಬಿಗಿಯಾಗಿ ಕೂತು, ಪ್ರತಿ ಕವಲೂ ಹೊಸೆದ ಬತ್ತಿಯಂತೆ ದುಂಡಗಾಗಿತ್ತು. ಒಂದು ಹನಿ ನೀರು ಬಿಟ್ಟೆ, ನೋಡನೋಡುತ್ತಲೇ ಎಲೆಗಳು ಅರಳಿದವು. ಈ ಎರಡೂ ರೂಪ ನೋಡದೆ ಹೆಸರು ಹೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೂಕ್ಷ್ಮದರ್ಶಕಕ್ಕೆ ಇಡುವ ಮೊದಲು ತೊಳೆಯಲೇಬೇಕು. ಅದಿರು ಲಾರಿ ಓಡಾಡುವ ರಸ್ತೆ ಬದಿಯ ಮರಗಳಲ್ಲಿ ಪಾಚಿಯ ಮೇಲೆ ಕೆಂಪು ಧೂಳು ಕೂತಿರುತ್ತದೆ, ಜೀವಕೋಶದ ಗೆರೆ ಒಂದೂ ಕಾಣುವುದಿಲ್ಲ. ನೀರು ಕೆಂಪಾಗುವುದು ನಿಲ್ಲುವವರೆಗೆ ಬದಲಿಸುತ್ತಾ ಮೆತ್ತನೆ ಬ್ರಷ್‌ನಿಂದ ತಟ್ಟುತ್ತೇನೆ. ಪಾಚಿಗೆ ನಿಜವಾದ ಬೇರಿಲ್ಲ, ನೀರು ಕುಡಿಯುವುದು ಎಲೆಯ ಮೈಯಿಂದಲೇ. ಆ ಧೂಳು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ಗುರುತು. ಬೀಜಾಣು ಕೋಶದ ದಂಟು ಹರಿದಾಡುವ ಕಾಂಡದ ಪಕ್ಕದಿಂದ ಹೊರಟಿತ್ತೇ ಹೊರತು ತುದಿಯಿಂದಲ್ಲ. ಇಷ್ಟರಲ್ಲೇ ಅರ್ಧ ಪಾಚಿಗಳು ಪಟ್ಟಿಯಿಂದ ಹೊರಗೆ. ಇಕ್ಕಳದಲ್ಲಿ ಕಾಂಡ ಹಿಡಿದು ಎಲೆಗಳನ್ನು ಕೆಳಮುಖವಾಗಿ ಎಳೆದರೆ ಬುಡಸಮೇತ ಬರುತ್ತವೆ. ಬುಡ ಹರಿದರೆ ಮುಖ್ಯ ಸಾಕ್ಷಿಯೇ ಹೋದಂತೆ. ನಡುನರ ಇತ್ತೇ? ಸ್ಪಷ್ಟವಾದ ಒಂಟಿ ನರ ಇದ್ದಿದ್ದರೆ ಸ್ಟೀರಿಯೊಫಿಲಂ ಎಂಬ ಪಾಚಿ ಕುಲದ ಕಡೆ ಯೋಚಿಸುತ್ತಿದ್ದೆ. ಇರಲಿಲ್ಲ. ಅಂಚಿನಲ್ಲಿ ಉದ್ದ ಹಲ್ಲುಗಳಿರಲಿಲ್ಲ, ಹಾಗಾಗಿ ಫ್ಯಾಬ್ರೋನಿಯಾ ಕುಲ ಅಲ್ಲ. ಕವಲು ಚಪ್ಪಟೆಯಾಗಿರದ್ದರಿಂದ ಎಂಟೊಡಾನ್ ಕುಲದ ಮೇಲಿನ ಅನುಮಾನವೂ ಕಡಿಮೆಯಾಯಿತು.

ಉಳಿದದ್ದು ಎಲೆಯ ಬುಡದ ಮೂಲೆ. 400 ಪಟ್ಟು ಹಿಗ್ಗಿಸಿ ನೋಡಿದಾಗ ಮೇಲಿನ ಜೀವಕೋಶಗಳು ಉದ್ದಕ್ಕೆ ಕಿರಿದಾಗಿದ್ದವು. ಮೂಲೆಯಲ್ಲಿ ಮಾತ್ರ ಚೌಕ ಜೀವಕೋಶಗಳ ದೊಡ್ಡ ಗುಂಪು, ಅಂಚಿನುದ್ದಕ್ಕೂ ಮೇಲೇರಿತ್ತು. ಎಲೆ ಅಗಲ, ದೋಣಿಯಾಕಾರದ ಒಳಗುಳಿ, ತುದಿಯಲ್ಲಿ ಥಟ್ಟನೆ ಮೂಡಿದ ಚಿಕ್ಕ ಮೊನೆ. ಬೀಜಾಣು ಕೋಶ ನೆಟ್ಟಗಿನ ಕೊಳವೆ, ಅದರ ಬಾಯಿಯ ಹಲ್ಲುಗಳು ಕೆಂಪು. ಎರಿಥ್ರೊಡಾಂಟಿಯಂ ಜುಲೇಸಿಯಂ ಎಂದು ಬರೆದೆ. ದಕ್ಷಿಣ ಭಾರತದ ಮರಗಳ ಮೇಲೆ ಸಿಗುವ ಪಾಚಿಯೇ ಇದು.

ಬೀಜಾಣು ಕೋಶವಿಲ್ಲದ ಮಾದರಿ ಸಿಕ್ಕಾಗ ನಾನು ಕುಲದ ಹೆಸರಿಗೇ ನಿಲ್ಲಿಸುತ್ತೇನೆ. ಜಾತಿಯ ಹೆಸರಿನ ಜಾಗ ಖಾಲಿ ಬಿಟ್ಟು, ಮಳೆ ನಿಂತ ಮೇಲೆ ಕೋಶ ಬಂದಿದೆಯೇ ನೋಡಲು ಅದೇ ಮರಕ್ಕೆ ಹೋಗುತ್ತೇನೆ.