ಬೇಸಿಗೆಯ ಒಣಮಣ್ಣಿನಿಂದ ಎರಿಯೋಕಾಲನ್: ನನ್ನ ಅನುಭವ

ಮಾರ್ಚ್ ತಿಂಗಳಲ್ಲಿ ಪದವಿನ (ಮುರಕಲ್ಲಿನ ಬಯಲುಗುಡ್ಡದ) ಒಣಗಿದ ಪಳ್ಳದಿಂದ, ಅಂದರೆ ಮಳೆನೀರು ನಿಲ್ಲುವ ಹೊಂಡದಿಂದ, ಮಣ್ಣು ಕೆರೆದು ತಂದು ಬೇಸಿನ್‌ನಲ್ಲಿ ನೆನೆಸಿಟ್ಟರೆ ಎರಿಯೋಕಾಲನ್ ಎಂಬ ಪುಟ್ಟ ಜೌಗುಗಿಡ ಹುಟ್ಟುತ್ತದೆ. ಹೂ ಬಿಡುತ್ತದೆ, ಬೀಜವೂ ಕಟ್ಟುತ್ತದೆ. ಇದನ್ನು ಮೊದಲು ಹೇಳಿದಾಗ ಗಿಡ ಗುರುತಿಸುವ ಸ್ನೇಹಿತರೇ ನಂಬಲಿಲ್ಲ. "ಮಳೆಗಾಲದಲ್ಲಿ ಪೊಸಡಿಗುಂಪೆ ಹತ್ತಿದರೆ ಬೇಕಾದಷ್ಟು ಸಿಗುತ್ತದಲ್ಲ ಮಾರಾಯರೇ, ಬೇಸಿನ್ ಯಾಕೆ?" ಎಂದರು. ಈಗ ಅವರೇ ಫೋನ್ ಮಾಡಿ ವಿಧಾನ ಕೇಳುತ್ತಿದ್ದಾರೆ.

ಗಿಡ ಸಿಗುವುದೇನೋ ಸಿಗುತ್ತದೆ. ಆದರೆ ನಮ್ಮ ಕಾಸರಗೋಡಿನ ಮುರಕಲ್ಲು ಪದವುಗಳಲ್ಲಿ ಒಂದೊಂದು ಹೊಂಡದ ಆಳ ಒಂದೊಂದು ತರ. ಅರ್ಧ ಬೆರಳು ನೀರಿದ್ದ ಕಡೆ ಗಿಡ ಗಿಡ್ಡ, ಎಲೆ ಮೊಂಡು. ಮೊಣಕಾಲುದ್ದ ನೀರಿನ ಪಳ್ಳದಲ್ಲಿ ಎಲೆಯೂ ಉದ್ದ, ಹೂವಿನ ಕಡ್ಡಿಯೂ ಉದ್ದ. ಒಣಗಿಸಿ ಅಂಟಿಸಿದ ಗಿಡವನ್ನಷ್ಟೇ ನೋಡಿದವರು ಇವನ್ನು ಎರಡು ಪ್ರಭೇದ ಎನ್ನುತ್ತಾರೆ. ಒಂದೇ ಮಟ್ಟದ ನೀರಲ್ಲಿ ಬೆಳೆಸಿ ನೋಡದೆ ಹಾಗೆ ಹೇಳುವುದು ಹೇಗೆ?

ಇದಕ್ಕೆ ದುಡ್ಡು ಕೇಳಿ ಅರ್ಜಿ ಹಾಕಿದೆ, ಸಿಗಲಿಲ್ಲ. ಕೈಯಿಂದಲೇ ಹಾಕಿದೆ. ಕುಂಬಳೆ ಪೇಟೆಯ ಪ್ಲಾಸ್ಟಿಕ್ ಬೇಸಿನ್ ಒಂದಕ್ಕೆ 150 ರೂಪಾಯಿ ಆಸುಪಾಸು. ಮೊದಲ ಬೇಸಿಗೆಯ ಕೆಲಸ ಪೂರ್ತಿ ಹಾಳಾಯಿತು. ಬೋರ್‌ವೆಲ್ ನೀರಿಗೆ ಪಾಚಿ ಹಬ್ಬಿ, ಸೂಜಿಮೊನೆಯಷ್ಟಿದ್ದ ಮೊಳಕೆಗಳೆಲ್ಲ ಅದರಡಿಯಲ್ಲಿ ಕೊಳೆತವು. ಪಳ್ಳದಲ್ಲಿರುವುದು ಬರೀ ಮಳೆನೀರು ಅಲ್ವಾ? ಮರುವರ್ಷಕ್ಕೆ ಮಾಡಿನ ನೀರನ್ನು ಮಳೆಗಾಲದಲ್ಲೇ ಡ್ರಮ್ಮಿನಲ್ಲಿ ಹಿಡಿದಿಟ್ಟೆ. ಆಗ ಬಂತು ನೋಡಿ!

ಮಣ್ಣನ್ನು ತೆಳ್ಳಗೆ ಹರಡಬೇಕು. ಆಳಕ್ಕೆ ಹೋದ ಬೀಜ ನನ್ನಲ್ಲಿ ಮೊಳೆಯಲೇ ಇಲ್ಲ. ಬಿಸಿಲು ಎಷ್ಟು ಹೊತ್ತು, ನೀರಿನ ಮಟ್ಟ ಯಾವಾಗ ಇಳಿಸಬೇಕು ಎಂಬುದನ್ನು ಸದ್ಯ ಹೇಳುವುದಿಲ್ಲ, ನನ್ನ ಸಂಶೋಧನಾ ಪೇಪರ್ ಬರಲಿ. ಜೂನ್ ಮಳೆಯ ಹೊಡೆತಕ್ಕೆ ಬೇಸಿನ್‌ಗಳನ್ನು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಚಪ್ಪರದಡಿಗೆ ಸರಿಸಿದೆ.

ಅದೇ ಮಣ್ಣಲ್ಲಿ ಯೂಟ್ರಿಕ್ಯುಲೇರಿಯಾ ರೆಟಿಕ್ಯುಲೇಟವೂ ಎದ್ದಿತು. ಮಲಯಾಳಿಗಳು ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಹಾಕುವ ಕಾಕ್ಕಪ್ಪೂ ಇದೇ. ಸುಮ್ನೆ ನೋಡುವ ಎಂದು ಅದನ್ನು ಒಂಟಿಯಾಗಿ ಬಿಟ್ಟೆ. ಸುತ್ತಿಕೊಳ್ಳಲು ಹುಲ್ಲಿಲ್ಲದೆ ದಂಟು ನೀರಿಗೊರಗಿತು. ಹಿಡಿಸೂಡಿಯ ಕಡ್ಡಿ ಊರಿದೆ, ಅದಕ್ಕೇ ಸುತ್ತಿಕೊಂಡು ಹೂ ಬಿಟ್ಟಿತು. ನೇರಳೆ ಬಣ್ಣ, ಬಹಳ ಚಂದ.

ಎರಿಯೋಕಾಲನ್‌ಗೆ ಬರುತ್ತೇನೆ. 1753ರಲ್ಲಿ ಲಿನೇಯಸ್ ಹೆಸರಿಟ್ಟ ಈ ಕುಲ ಹುಲ್ಲು, ಭತ್ತದ ಗಣಕ್ಕೇ ಸೇರಿದ್ದು. ಗಿಡ್ಡ, ಉದ್ದ ಎರಡೂ ಬೇಸಿನ್‌ನಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದವು. ಪ್ರಭೇದ ಒಂದೋ ಎರಡೋ ಎಂದು ಬೀಜದಲ್ಲಿ ನೋಡಲು, ಹೂಕಡ್ಡಿ ತುದಿಯ ಬಲಿತ ತಲೆಯನ್ನು ಬಿಸಿನೀರಿಗೆ ಹಾಕಿ, ಸೂಜಿಯಲ್ಲಿ ಹೂ ಬಿಡಿಸಿ ಬೀಜ ತೆಗೆದೆ. ಅರ್ಧ ಮಿಲಿಮೀಟರಿಗೂ ಸಣ್ಣದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈಮೇಲೆ ಅಡ್ಡಸಾಲಿನ ಕೋಶಗಳು, ಅವುಗಳ ಗೋಡೆಯಿಂದ ಎದ್ದ ಮುಳ್ಳಿನಂಥ ಚಾಚುಗಳು. ಗಿಡ್ಡ, ಉದ್ದ ಎರಡರಲ್ಲೂ ಅದೇ ವಿನ್ಯಾಸ! ಮೂರನೆಯ ಪಳ್ಳದ ಗಿಡ ಕಣ್ಣಿಗೆ ಗಿಡ್ಡದ ಹಾಗೇ ಇತ್ತು, ಬೀಜ ಮಾತ್ರ ಪೂರ್ತಿ ಬೇರೆ. ತಾಜಾ ಎಲೆ ಕೈಯಲ್ಲೇ ಇದ್ದುದರಿಂದ ಡಿಎನ್‌ಎ ಸಲೀಸಾಗಿ ಬಂತು. ಪ್ರಭೇದಗಳನ್ನು ಹೋಲಿಸಲು ಬಳಸುವ ಐಟಿಎಸ್ ಎಂಬ ಡಿಎನ್‌ಎ ಭಾಗ ಓದಿಸಿದಾಗಲೂ ಮೊದಲಿನ ಎರಡು ಒಟ್ಟಿಗೆ, ಮೂರನೆಯದು ದೂರ. ಜಾಸ್ತಿ ದುಡ್ಡು ಹೋದದ್ದು ಸೂಕ್ಷ್ಮದರ್ಶಕಕ್ಕೇ. ಎಲ್ಲ ಸೇರಿ 25 ಸಾವಿರದೊಳಗೆ ಮುಗಿಯಿತು. ದೊಡ್ಡ ಪ್ರಾಜೆಕ್ಟಿನವರು ಮಾಡದ ಕೆಲಸ ಇದು ಎಂದು ಧೈರ್ಯವಾಗಿ ಹೇಳುತ್ತೇನೆ.

ಆ ಮೂರನೆಯ ಪಳ್ಳದ ಪಕ್ಕದಲ್ಲೇ ಈಗ ಕೆಂಪುಕಲ್ಲಿನ ಕೋರೆ ಶುರುವಾಗಿದೆ. ಜಾಗದವರನ್ನು ಕೇಳಿ ಎರಡು ಚೀಲ ಮಣ್ಣು ತಂದು ಮನೆಯಲ್ಲಿಟ್ಟಿದ್ದೇನೆ. ಮಂಜೇಶ್ವರ ಕಡೆಯ ಪದವುಗಳದ್ದು ಇನ್ನೂ ಆಗಬೇಕು. ಆ ಕಡೆಯವರು ಯಾರಾದರೂ ಮಾಡುವುದಾದರೆ ಮೇ ತಿಂಗಳ ಮಳೆ ಬೀಳುವ ಮೊದಲೇ ಮಣ್ಣು ತೆಗೆಯಿರಿ. ಒಮ್ಮೆ ನೆನೆದರೆ ಬೀಜ ಅಲ್ಲೇ ಮೊಳೆತುಬಿಡುತ್ತದೆ.