ಹಳೆಯ ಕಾರಿಗೆ ಎಲೆಕ್ಟ್ರಿಕ್ ರೇಡಿಯೇಟರ್ ಫ್ಯಾನ್: ವೈರಿಂಗ್ ಕೆಡದಂತೆ ಮಾಡುವುದು ಹೇಗೆ?

ಪದ್ಮಿನಿ, ಅಂಬಾಸಿಡರ್, ಕಾಂಟೆಸ್ಸಾಗಳನ್ನು ಅಕ್ಕರೆಯಿಂದ ಉಳಿಸಿಕೊಂಡವರು ಬೆಂಗಳೂರಿನಲ್ಲಿ ಕಡಿಮೆಯಿಲ್ಲ. ಎಂಜಿನ್ ಬದಲಿಸಿದವರೂ ಎ.ಸಿ. ಹಾಕಿಸಿದವರೂ ಇದ್ದಾರೆ. ಎಲ್ಲರ ದೂರು ಒಂದೇ: ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳದಲ್ಲೋ ಟ್ರಾಫಿಕ್ಕಿನಲ್ಲಿ ಕಾರು ನಿಂತರೆ ಸಾಕು, ಉಷ್ಣತೆಯ ಮುಳ್ಳು ಏರುತ್ತದೆ. ಎಂಜಿನ್ನಿನ ಬೆಲ್ಟ್‌ನಿಂದ ತಿರುಗುವ ಫ್ಯಾನು ಐಡಲ್‌ನಲ್ಲಿ ನಿಧಾನವಾಗುವುದರಿಂದ ಗಾಳಿ ಬೇಕಾದ ಹೊತ್ತಿನಲ್ಲೇ ಸಾಲದಾಗುತ್ತದೆ. ಎಲೆಕ್ಟ್ರಿಕ್ ಫ್ಯಾನ್ ಇದಕ್ಕೆ ಸರಿಯಾದ ಉತ್ತರ. ಆದರೆ ಫ್ಯಾನು ಹಾಕಿಸಿದ ಮೇಲೂ ಬಿಸಿಯಾಗುತ್ತದೆ ಎನ್ನುವವರ ಬಾನೆಟ್ ಎತ್ತಿ ನೋಡಿದರೆ, ದೋಷ ಹೆಚ್ಚಾಗಿ ಫ್ಯಾನಿನದಾಗಿರುವುದಿಲ್ಲ. ಅದಕ್ಕೆ ಕರೆಂಟು ಹೋಗಿ ಬರುವ ದಾರಿಯೇ ಇಕ್ಕಟ್ಟಾಗಿರುತ್ತದೆ.

ಕೆಲಸಕ್ಕೆ ಇಳಿಯುವ ಮುನ್ನ ರೇಡಿಯೇಟರ್ ಕಟ್ಟಿಕೊಂಡಿಲ್ಲವೆಂದೂ ಮುಚ್ಚಳದ ರಬ್ಬರ್ ಗಟ್ಟಿಯಾಗಿಲ್ಲವೆಂದೂ ಖಚಿತಪಡಿಸಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಒತ್ತಡ ಹಿಡಿದಿಟ್ಟರೆ ಕುದಿಯುವ ಮಟ್ಟ ಏರುತ್ತದೆ. ಒತ್ತಡ ಹಿಡಿಯದ ಮುಚ್ಚಳವಿದ್ದರೆ ಯಾವ ಫ್ಯಾನೂ ಕಾಪಾಡದು.

ಫ್ಯಾನು ಕೂರಿಸುವುದು ಸುಲಭ. ಸಾಧ್ಯವಿದ್ದರೆ ರೇಡಿಯೇಟರಿನ ಎಂಜಿನ್ ಬದಿಯಲ್ಲಿದ್ದು ಹೊರಗಿನ ಗಾಳಿಯನ್ನು ರೇಡಿಯೇಟರಿನ ಮೂಲಕ ಎಳೆಯುವಂತೆ, ಸುತ್ತಲೂ ಶ್ರೌಡ್ (ಗಾಳಿ ಪಕ್ಕಕ್ಕೆ ಸೋರದಂತೆ ತಡೆಯುವ ಕವಚ) ಇರುವ ಫ್ಯಾನನ್ನೇ ಬ್ರಾಕೆಟ್ ಮಾಡಿಸಿ ಕೂರಿಸಿ. ರೇಡಿಯೇಟರಿನ ಜಾಲರಿಯ ಮೂಲಕ ತೂರಿಸಿ ಬಿಗಿಯುವ ಪ್ಲಾಸ್ಟಿಕ್ ಟೈಗಳನ್ನು ಮುಟ್ಟಲೂ ಬೇಡಿ. ಅಲುಗಾಟಕ್ಕೆ ಅವು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತವೆ.

ಮುಂದಿನದು ಕರೆಂಟಿನ ಲೆಕ್ಕ. 12 ಇಂಚಿನ ಫ್ಯಾನು ಸಾಮಾನ್ಯವಾಗಿ 10ರಿಂದ 15 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇದರ ಎರಡು ಮೂರು ಪಟ್ಟು. ಡಿ.ಸಿ. ಅಳೆಯುವ ಕ್ಲ್ಯಾಂಪ್ ಮೀಟರಿನಿಂದ ನಿಮ್ಮ ಫ್ಯಾನಿನದನ್ನೇ ಅಳೆದುಕೊಳ್ಳಿ. ಸಾಧಾರಣ ಮಲ್ಟಿಮೀಟರಿನ ಮಿತಿ 10 ಆಂಪಿಯರ್. ಅದರಲ್ಲಿ ಪ್ರಯತ್ನಿಸಿದರೆ ಒಳಗಿನ ಫ್ಯೂಸ್ ಹೋಗುತ್ತದೆ. ರಾತ್ರಿ ಹೆಡ್‌ಲೈಟುಗಳೇ ಸುಮಾರು 9 ಆಂಪಿಯರ್ ತಿನ್ನುತ್ತವೆ ಎಂಬುದೂ ನೆನಪಿರಲಿ. ಕಾರಿನಲ್ಲಿ ಇನ್ನೂ ಹಳೆಯ ಡೈನಮೋ ಇದ್ದರೆ ಮೊದಲು ಅದಕ್ಕಿಂತ ಹೆಚ್ಚು ಕರೆಂಟು ಕೊಡುವ ಆಲ್ಟರ್ನೇಟರ್ ಹಾಕಿಸಿ, ಆಮೇಲೆ ಫ್ಯಾನಿನ ಮಾತು.

ಇನ್ನು ಎಲ್ಲರೂ ಎಡವುವ ಜಾಗ: ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತ್ತಿಸಿ ಆರಿಸುವ ಸ್ವಿಚ್. ಇಗ್ನಿಷನ್ ಸ್ವಿಚ್ಚಿನಿಂದ ನೇರವಾಗಿ ಫ್ಯಾನಿಗೆ ವೈರ್ ಎಳೆದುಬಿಡುವವರಿದ್ದಾರೆ. ಅಷ್ಟು ಕರೆಂಟನ್ನು ತಾಳುವುದಕ್ಕೆ ಆ ಸ್ವಿಚ್ಚನ್ನು ಮಾಡಿಲ್ಲ. ಒಳಗಿನ ಕಾಂಟ್ಯಾಕ್ಟ್ ಸುಟ್ಟು, ಒಂದು ದಿನ ಕಾರೇ ಸ್ಟಾರ್ಟ್ ಆಗುವುದಿಲ್ಲ. ರಿಲೇ ಇದ್ದರೆ ಅದನ್ನು ಹತ್ತಿಸುವ ಕಾಯಿಲ್‌ಗೆ (ತಂತಿಯ ಸುರುಳಿಗೆ) ಸ್ವಿಚ್ಚಿನ ಮೂಲಕ ಹರಿಯುವುದು ಆಂಪಿಯರಿನ ಒಂದು ಸಣ್ಣ ಪಾಲು ಮಾತ್ರ. ಭಾರದ ಕರೆಂಟು ಬ್ಯಾಟರಿಯಿಂದ ನೇರವಾಗಿ ಫ್ಯಾನಿಗೆ ಹೋಗುತ್ತದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ರಿಲೇಯ ಕೆಳಗಿನ ಸಂಖ್ಯೆಗಳನ್ನು ಬೆಳಕಿಗೆ ಹಿಡಿದು ಓದಿಕೊಳ್ಳಿ. 30ಕ್ಕೆ ಬ್ಯಾಟರಿಯ ಪಾಸಿಟಿವ್ ಬರಬೇಕು, ಫ್ಯೂಸ್ ಮೂಲಕ. 87ರಿಂದ ಫ್ಯಾನಿನ ಪಾಸಿಟಿವ್‌ಗೆ. 86ಕ್ಕೆ, ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಯಾವುದಾದರೂ ವೈರ್. 85ರಿಂದ, ನೀರು ಬಿಸಿಯಾದಾಗ ತಾನಾಗಿ ಹತ್ತುವ ಥರ್ಮೋ ಸ್ವಿಚ್ಚಿಗೆ, ಅಲ್ಲಿಂದ ಅರ್ಥಿಂಗ್‌ಗೆ, ಅಂದರೆ ಬ್ಯಾಟರಿಯ ನೆಗೆಟಿವ್ ಸೇರಿರುವ ಕಾರಿನ ಮೈಗೆ. ಐದು ಕಾಲಿನ ರಿಲೇ ಆದರೆ ನಡುವೆ 87ಎ ಎಂಬುದೊಂದಿರುತ್ತದೆ. ರಿಲೇ ವಿಶ್ರಾಂತಿಯಲ್ಲಿದ್ದಾಗ 30ರ ಜೊತೆ ಸೇರಿಕೊಂಡಿರುವುದು ಅದೇ. ಫ್ಯಾನಿನ ವೈರನ್ನು ಅಲ್ಲಿಗೆ ಸಿಕ್ಕಿಸಿದರೆ ಕಾರು ನಿಲ್ಲಿಸಿಟ್ಟಾಗಲೂ ಫ್ಯಾನು ತಿರುಗುತ್ತಲೇ ಇದ್ದು ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗುತ್ತದೆ. ಅದನ್ನು ಖಾಲಿ ಬಿಟ್ಟು ಸ್ಲೀವ್ ಹಾಕಿ. ಒಳಗೆ ಡಯೋಡ್ ಇರುವ ರಿಲೇಗಳಲ್ಲಿ 86 ಪಾಸಿಟಿವ್ ಆಗಿಯೇ ಇರಬೇಕು, ಅದಲುಬದಲಾದರೆ ಡಯೋಡ್ ಸುಡುತ್ತದೆ.

86ಕ್ಕೆ ಬ್ಯಾಟರಿಯಿಂದ ನೇರವಾಗಿ ಕೊಟ್ಟರೆ ಎಂಜಿನ್ ಆರಿಸಿದ ಮೇಲೂ ಫ್ಯಾನು ತಿರುಗಿ ತಂಪು ಮಾಡುತ್ತದೆ ಎಂದು ಕೆಲವರು ವಾದಿಸುತ್ತಾರೆ. ನನ್ನ ಸಲಹೆ, ಬೇಡ. ಎಂಜಿನ್ ನಿಂತರೆ ಅದರಿಂದ ನಡೆಯುವ ವಾಟರ್ ಪಂಪೂ ನಿಲ್ಲುತ್ತದೆ. ಹರಿಯದ ನೀರಿಗೆ ಗಾಳಿ ಬೀಸಿದರೆ ಎಂಜಿನ್ನಿಗೆ ಸಿಗುವ ಲಾಭ ಅಲ್ಪ, ಬ್ಯಾಟರಿಗೆ ಆಗುವ ನಷ್ಟ ಖಚಿತ.

ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನೊಳಗೆ ಇರಲಿ. ಅದು ಕಾಯುವುದು ವೈರನ್ನು, ಫ್ಯಾನನ್ನಲ್ಲ. 15 ಆಂಪಿಯರ್ ಎಳೆಯುವ ಫ್ಯಾನಿಗೆ 4 ಚದರ ಮಿಲಿಮೀಟರ್ ವೈರ್, 25 ಆಂಪಿಯರ್ ಫ್ಯೂಸ್ ಹಾಕಿ. ಮತ್ತೆ ಮತ್ತೆ ಹಾರಿದರೆ 40ರ ಫ್ಯೂಸ್ ಸಿಕ್ಕಿಸಬೇಡಿ, ಕಾರಣ ಹುಡುಕಿ. 1 ಚದರ ಮಿಲಿಮೀಟರಿನ ಸಣ್ಣ ವೈರನ್ನು 3 ಮೀಟರ್ ಎಳೆದರೆ ಅದರಲ್ಲೇ ಸುಮಾರು 0.9 ವೋಲ್ಟ್ ಕರಗುತ್ತದೆ, 4ರಲ್ಲಿ ಕಾಲು ವೋಲ್ಟಿಗಿಂತ ಕಡಿಮೆ. ಮನೆಯ ವೈರಿಂಗ್‌ನಲ್ಲಿ ಮಿಕ್ಕ ದಪ್ಪ ಎಳೆಗಳ ವೈರ್ ಬಳಸಬೇಡಿ. ಎಂಜಿನ್ನಿನ ನಡುಕಕ್ಕೆ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಜೆ.ಸಿ. ರಸ್ತೆಯಲ್ಲಿ ಆಟೊ ವೈರ್ ಎಂದೇ ಕೇಳಿ, ತುದಿ ಬಿಡಿಸಿ ನೂಲಿನಂಥ ಎಳೆಗಳಿವೆಯೇ ನೋಡಿ ಕೊಳ್ಳಿ. ರಿಲೇಯನ್ನೂ ಕೈಯಲ್ಲಿ ತೂಗಿ ನೋಡಿ. ಮೇಲೆ 40 ಆಂಪಿಯರ್ ಎಂದು ಅಚ್ಚಾಗಿದ್ದರೂ ಹಗುರವಾಗಿ, ಕಾಲುಗಳು ತೆಳುವಾಗಿ ಇದ್ದರೆ ವಾಪಸು ಕೊಡಿ. ಫ್ಯಾನಿಗೆ ದುಬಾರಿ ಬೆಲೆ ತೆತ್ತು ರಿಲೇಯಲ್ಲಿ ನೂರು ರೂಪಾಯಿ ಉಳಿಸುವುದು ಯಾವ ಲೆಕ್ಕಕ್ಕೂ ಸರಿಹೊಂದುವುದಿಲ್ಲ.

ಜೋಡಣೆಗಳಲ್ಲಿ ನಾನು ಕ್ರಿಂಪಿಂಗ್ ಪರ. ಟರ್ಮಿನಲ್ಲನ್ನು ವೈರಿನ ತುದಿಗೆ ಸರಿಯಾದ ಇಕ್ಕಳದಿಂದ ಒತ್ತಿ, ಜಗ್ಗಿ ನೋಡಿ, ಬಿಸಿ ಮಾಡಿದರೆ ಬಿಗಿದುಕೊಳ್ಳುವ ಹೀಟ್‌ಶ್ರಿಂಕ್ ಕೊಳವೆ ಹಾಕಿ. ಬೆಸುಗೆ ಹಾಕಿದ ವೈರ್ ಬೆಸುಗೆ ಮುಗಿಯುವಲ್ಲಿ ಪೆಡಸಾಗಿ ಅಲ್ಲೇ ಮುರಿಯುತ್ತದೆ. ತಿರುಚಿ ಟೇಪ್ ಸುತ್ತಿದ್ದನ್ನಂತೂ ಜೋಡಣೆ ಎಂದೇ ಕರೆಯಲಾರೆ. ಬಾನೆಟ್ಟಿನ ಕೆಳಗಿನ ಶಾಖಕ್ಕೆ ಟೇಪಿನ ಅಂಟು ಕರಗಿ ತಾಮ್ರ ಬಯಲಾಗುತ್ತದೆ. ರಿಲೇಯ ಕಾಲುಗಳು ಕೆಳಮುಖವಾಗಿರಲಿ, ಮಳೆನೀರು ಒಳಗೆ ನಿಲ್ಲುವುದಿಲ್ಲ.

ಅರ್ಥಿಂಗ್ ಅನ್ನು ಜನ ಕೊನೆಗೆ ನೆನಪಿಸಿಕೊಂಡು, ಹತ್ತಿರ ಸಿಕ್ಕ ಬೋಲ್ಟಿಗೆ ಸಿಕ್ಕಿಸಿ ಮುಗಿಸುತ್ತಾರೆ. ಗೆಳೆಯರೊಬ್ಬರ ಕಾಂಟೆಸ್ಸಾದಲ್ಲಿ ಫ್ಯಾನಿನ ಕಪ್ಪು ವೈರನ್ನು ಬಣ್ಣ ಬಳಿದ ತಗಡಿನ ಮೇಲೆಯೇ ಬಿಗಿಯಲಾಗಿತ್ತು. ವಾಷರ್ ಕಂದುಗಟ್ಟಿ, ಪಕ್ಕದ ಪೇಂಟ್ ಗುಳ್ಳೆ ಎದ್ದಿತ್ತು. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೂ ಫ್ಯಾನಿಗೆ ತಲುಪುತ್ತಿದ್ದದ್ದು 11ರ ಆಸುಪಾಸು. ತಗಡನ್ನು ಮರಳು ಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದು ಗ್ರೀಸ್ ಹಚ್ಚಿದ ಮೇಲೆ ಅದೇ ಫ್ಯಾನಿನ ಸದ್ದೇ ಬದಲಾಯಿತು. ಫ್ಯಾನಿನ ನೆಗೆಟಿವ್ ವೈರ್ ಪಾಸಿಟಿವ್‌ನಷ್ಟೇ ದಪ್ಪವಿರಲಿ. ಸಾಧ್ಯವಾದರೆ ಅದನ್ನು ಬ್ಯಾಟರಿಯ ನೆಗೆಟಿವ್‌ವರೆಗೇ ಎಳೆಯಿರಿ.

ಥರ್ಮೋ ಸ್ವಿಚ್: 92 ಡಿಗ್ರಿಗೆ ಹತ್ತಿ 87ಕ್ಕೆ ಆರುವಂಥದ್ದು, 82 ಡಿಗ್ರಿಗೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಇರುವ ಎಂಜಿನ್ನಿಗೆ ಹೊಂದುತ್ತದೆ. ಜಾಲರಿಯೊಳಗೆ ಚುಚ್ಚುವ ಕಡ್ಡಿಯ ಸೆನ್ಸರ್ ಬೇಡ, ನೀರಿನೊಳಗೇ ಇರುವ ಸ್ವಿಚ್ ಹಾಕಿಸಿ. ಒಂದೇ ಪಿನ್ ಇರುವ ಸ್ವಿಚ್ ತನ್ನ ಮೈಯಿಂದಲೇ ಅರ್ಥಿಂಗ್ ಪಡೆಯುತ್ತದೆ. ಅದರ ತಿರುಪಿನ ಸುತ್ತುಗಳಿಗೆ ಟೆಫ್ಲಾನ್ ಟೇಪ್ ದಪ್ಪವಾಗಿ ಸುತ್ತಿದರೆ, ಅಥವಾ ರೇಡಿಯೇಟರ್ ರಬ್ಬರಿನ ಮೇಲೆ ಕುಳಿತಿದ್ದರೆ ಅದು ಕೆಲಸ ಮಾಡದೆಯೂ ಹೋಗಬಹುದು. ಎರಡು ಪಿನ್ನಿನದೇ ವಾಸಿ. 85ರಿಂದ ಇನ್ನೊಂದು ವೈರನ್ನು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿಗೂ, ಅಲ್ಲಿಂದ ಅರ್ಥಿಂಗ್‌ಗೂ ಕೊಡಿ. ಥರ್ಮೋ ಸ್ವಿಚ್ ಕೈಕೊಟ್ಟ ದಿನ ಅದೇ ಆಸರೆ. ಅದೊಂದನ್ನೇ ನಂಬಿ ಥರ್ಮೋ ಸ್ವಿಚ್ ಬಿಡಬೇಡಿ.

ಬ್ಯಾಟರಿ ಜೋಡಿಸಿ, ಫ್ಯಾನು ಹತ್ತಿಸಿ. ಗ್ರಿಲ್ ಮುಂದೆ ಹಿಡಿದ ಕಾಗದ ಒಳಕ್ಕೆ ಅಂಟಿಕೊಳ್ಳಬೇಕು. ಹೊರಗೆ ಹಾರಿದರೆ ಮೋಟರಿನ ಎರಡು ವೈರ್ ಅದಲುಬದಲಾಗಿವೆ. ಫ್ಯಾನು ತಿರುಗುತ್ತಿರುವಾಗಲೇ ಮೀಟರಿನಲ್ಲಿ ಬ್ಯಾಟರಿಯ ವೋಲ್ಟೇಜ್, ಆಮೇಲೆ ಫ್ಯಾನಿನ ಕನೆಕ್ಟರಿನ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ಪಾಸಿಟಿವ್ ಕಡೆ, ನೆಗೆಟಿವ್ ಕಡೆ ಬೇರೆ ಬೇರೆಯಾಗಿ ಅಳೆದು ಎಲ್ಲಿ ಕರಗುತ್ತಿದೆ ಪತ್ತೆ ಹಚ್ಚಿ. ಕೊನೆಗೆ, ಹದಿನೈದು ನಿಮಿಷ ಫ್ಯಾನು ಓಡಿಸಿ ಆರಿಸಿದ ಮೇಲೆ ಫ್ಯೂಸ್ ಹೋಲ್ಡರನ್ನೂ ರಿಲೇಯ ಸಾಕೆಟ್ಟನ್ನೂ ಬೆರಳಿನಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಆ ಕ್ರಿಂಪನ್ನು ಕತ್ತರಿಸಿ ಹೊಸದಾಗಿ ಹಾಕಿ.